ಅಕ್ಕ ಹೊಲಿಯದ ಹಳದಿ ಪಟ್ಟಿ

ವಿದ್ಯಾರ್ಥಿಯೊಬ್ಬ ಬರೆದಿದ್ದ: ‘ಜರ್ಮನಿಯ ಯಹೂದಿಗಳಿಗೆ ಹಳದಿ ನಕ್ಷತ್ರವೆಂದರೆ ಬಹಳ ಪ್ರೀತಿ. ಅದನ್ನು ಎದೆಯ ಮೇಲೆ ಧರಿಸಿಯೇ ಹೊರಗೆ ಹೋಗುತ್ತಿದ್ದರು.’

ನಾನು ಗಹಗಹಿಸಿ ನಕ್ಕುಬಿಟ್ಟೆ. ಕಳೆದ ಭಾನುವಾರ ರಬಕವಿಯ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಹೊಲಿಗೆ ಮಷೀನ್ ಮುಂದೆ, ನಾನು ಪಕ್ಕದಲ್ಲಿ ಆನ್ಸರ್ ಪೇಪರ್ ಬಂಡಲ್ ಹರವಿಕೊಂಡು. (ಜಮಖಂಡಿಯ ಕಾಲೇಜಿನಲ್ಲಿ ಇತಿಹಾಸ ಹೇಳುವವನು ನಾನು ಎಂಬುದು ನಿಮಗೆ ಗೊತ್ತೇ ಇದೆ. ಇಪ್ಪತ್ತು ವರ್ಷದಿಂದ ಅದೇ ನೋಟ್ಸ್ ಎಂಬುದೂ ಗೊತ್ತಿರಬಹುದು!)

“ಯಾಕ ನಗಾಕತ್ತಿ? ನನಗೂ ಹೇಳು” ಅಂದಳು.

ಹೇಳಿದೆ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಅದು ಸರ್ಕಾರದ ಹುಕುಂ. ಯಹೂದಿ ಎಂದು ದೂರದಿಂದಲೇ ಗುರುತು ಸಿಗಲಿ ಎಂದು ಎದೆಯ ಮೇಲೆ ಹಳದಿ ಬಟ್ಟೆಯ ನಕ್ಷತ್ರ. ಆರು ವರ್ಷದ ಮಕ್ಕಳನ್ನೂ ಬಿಡಲಿಲ್ಲ. ಆಮೇಲೆ ಅವರನ್ನು ಹಿಡಿದು, ರೈಲಿಗೆ ತುಂಬಿ, ಶಿಬಿರಗಳಿಗೆ ಸಾಗಿಸಿದರು. ಲಕ್ಷ ಲಕ್ಷ ಜನ ಮರಳಿ ಬರಲೇ ಇಲ್ಲ.

“ಆ ನಕ್ಷತ್ರ ಯಾರು ಹೊಲೀತಿದ್ರು?”

ಎಲಾ! ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. “ಅವರ ಅಂಗಿಗೆ ಅವರೇ ಹೊಲ್ಕೋಬೇಕಿತ್ತು. ಮನ್ಯಾಗಿನ ಹೆಣ್ಮಕ್ಕಳು ಕುಂತು ಹೊಲಿದಿರ್ತಾರ.”

“ಹಡದ ತಾಯಿ? ತನ್ನ ಕೂಸಿನ ಅಂಗಿಗೆ?”

“ಹೂಂ.”

ಮಷೀನ್ ನಿಂತಿತು. ಅವಳ ಕೈಯಲ್ಲಿದ್ದುದನ್ನು ನಾನು ನೋಡಿದ್ದೇ ಆಗ. ಹಳದಿ ಪಟ್ಟಿ. ಊರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ಯೂನಿಫಾರ್ಮ್ ಹೊಲಿಯುವವಳು ಅಕ್ಕನೇ. ಈ ಸಲ ಹೊಸ ಆರ್ಡರ್ ಬಂದಿತ್ತು. ಟೆಸ್ಟಿನಲ್ಲಿ ಹಿಂದೆ ಬಿದ್ದ ಮಕ್ಕಳ ಜೇಬಿನ ಮೇಲೆ ಹಳದಿ ಪಟ್ಟಿ ಹಚ್ಚಬೇಕಂತೆ, ಟೀಚರುಗಳು ‘ವಿಶೇಷ ಗಮನ’ ಕೊಡಲಿಕ್ಕೆ! ಜೊತೆಗೆ ಹೆಸರುಗಳ ಲಿಸ್ಟ್. ಮೊದಲ ಹೆಸರೇ ಎದುರು ಮನೆಯ ಸವಿತಾ. ಒಂದನೇ ಇಯತ್ತೆಯಿಂದ ಆ ಹುಡುಗಿಯ ಅಳತೆ ಅಕ್ಕನಿಗೆ ಬಾಯಿಪಾಠ. ಬೆಳೆಯುವ ಮಗು ಎಂದು ಪ್ರತಿ ವರ್ಷ ಅಂಚಿನಲ್ಲಿ ಎರಡು ಬೆರಳು ಹೆಚ್ಚೇ ಮಡಿಚಿ ಹೊಲಿಯುತ್ತಾಳೆ.

(ಶಾಲೆಯೂ ಆ ಶಿಬಿರವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹಾಗೆಂದರೆ ಸತ್ತವರಿಗೆ ಅವಮಾನ. ಆದರೆ ಆ ರೈಲಿಗಿಂತ ಮೊದಲು ಸೂಜಿ-ದಾರ ಬಂದಿತ್ತು ಎಂಬುದಂತೂ ಖರೆ.)

“ಇದನ್ನ ನಾ ಹೊಲ್ಯಾಂಗಿಲ್ಲ” ಅಂದಳು ಅಕ್ಕ.

ನಾನೇನಂದೆ? ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. “ಊರ ಉಸಾಬರಿ ನಿನಗ್ಯಾಕಕ್ಕಾ? ಹೊಲಿಯೂದಷ್ಟ ನಿನ್ನ ಕೆಲಸ. ಇದಕ್ಕ ಒಲ್ಲೆ ಅಂದ್ರ ಯೂನಿಫಾರ್ಮ್ ಆರ್ಡರೂ ಕೈಬಿಟ್ಟು ಹೋಗ್ತೈತಿ.”

“ಆ ದೇಶದಾಗೂ ಎಲ್ಲಾರೂ ಹಿಂಗ ಅಂದಿರಬೇಕು. ಅಲ್ಲೇನೋ ತಮ್ಮಾ?”

ನಾನು ಆನ್ಸರ್ ಪೇಪರ್ ಬಂಡಲ್ ಕಟ್ಟತೊಡಗಿದೆ.

ಸೋಮವಾರ ಅಕ್ಕ ಪಟ್ಟಿಗಳ ಚೀಲವನ್ನು ಹೆಡ್‌ಮಾಸ್ತರರ ಟೇಬಲ್ ಮೇಲಿಟ್ಟಳು. ಅವರಿಗೆ ಸಿಟ್ಟು ಬಂತಂತೆ. “ಬ್ಯಾರೆ ಟೇಲರ್ ಕಡೆ ಹೊಲಿಸ್ತೀವಿ ಬಿಡ್ರಿ” ಎಂದರಂತೆ.

“ಹೊಲಿಸ್ರೀ. ಪ್ಯಾಟ್ಯಾಗಿನ ನಾಕೂ ಟೇಲರ್‌ಗೋಳಿಗೆ ಹೇಳೇ ಬಂದೀನಿ. ಒಬ್ಬರೂ ಸೂಜಿ ಮುಟ್ಟಂಗಿಲ್ಲ.” (ಅವರಲ್ಲಿ ಇಬ್ಬರ ಮಕ್ಕಳು ಆ ಲಿಸ್ಟಿನಲ್ಲೇ ಇದ್ದರು ಅನ್ನಿ!)

ಮರುದಿನ ಹೆಡ್‌ಮಾಸ್ತರರ ಫೋನ್ ನೇರ ನನಗೆ ಬಂತು. “ಸರ್, ನೀವು ಕಲತವ್ರು, ಹಿಸ್ಟರಿ ಹೇಳವ್ರು. ಅಕ್ಕಾರಿಗೆ ಒಂದೀಟು ತಿಳಿಸಿ ಹೇಳ್ರಿ.”

“ಆಕೀನೇ ನನಗ ತಿಳಿಸಿ ಹೇಳ್ಯಾಳ್ರೀ ಸರ್. ಈಗ ನಿಮ್ಮ ಪಾಳಿ!”