ಅಜ್ಜನ ಲೋಟಕ್ಕೆ ಕಣ್ಣ ಚಾ

ಏಲಕ್ಕಿಯ ಪರಿಮಳ ಬಂದರೆ ನಿಮಗೆ ಪಾಯಸವೋ ಮದುವೆ ಮನೆಯೋ ನೆನಪಾಗಬಹುದು. ನನ್ನ ಮೂಗಿಗೆ ಅಂಥ ಭಾಗ್ಯವಿಲ್ಲ. ಇವತ್ತು ಸಂಜೆ ಅಮ್ಮ ಚಹಾಕ್ಕೆ ಎರಡು ಏಲಕ್ಕಿ ಜಜ್ಜಿ ಹಾಕಿದಳು. ಅದೇ ಹೊತ್ತಿಗೆ ಮಾವ ಬಿಕರ್ನಕಟ್ಟೆಯಿಂದ ಬನ್ಸ್ ಕಟ್ಟಿಸಿಕೊಂಡು ಬಂದು ಗೇಟು ತೆಗೆದರು. ಪರಿಮಳವೂ ಗೇಟಿನ ಸದ್ದೂ ಒಟ್ಟಿಗೆ ಬಂದದ್ದೇ ತಡ, ಪೇಪರು ಓದುತ್ತಿದ್ದ ನಾನು ಎದ್ದು ನಿಂತಿದ್ದೆ. ಯಾಕೆ ಎದ್ದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮಾವ ಎಂದರೆ ಅಮ್ಮನ ತಮ್ಮ. ಶಕ್ತಿನಗರದ ನಮ್ಮ ಮನೆಯಲ್ಲೇ ಇರುವವರು. ಹೋಟೆಲಿನ ಮ್ಯಾನೇಜರ್, ಇಸ್ತ್ರಿ ಅಂಗಿಯ ಶಿಸ್ತುಗಾರ, ಮತ್ತು ಹದಿನೈದು ವರ್ಷ ಕುಡಿದವರು. ಕುಡಿದ ದಿನ ಏಲಕ್ಕಿ ಜಗಿಯುತ್ತಾ ಬರುತ್ತಿದ್ದರು. ನಮಗೆ ಗೊತ್ತಾಗದಿರಲು ಅಷ್ಟು ಸಾಕೆಂದು ಅವರ ನಂಬಿಕೆ. ಏಲಕ್ಕಿ ಗೇಟಿನ ಹತ್ತಿರ ಬರುವಾಗಲೇ ನಾನು ಟಿ.ವಿ. ಸದ್ದು ಹೆಚ್ಚಿಸುತ್ತಿದ್ದೆ, ಪಕ್ಕದ ಮನೆಗೆ ಬೇರೇನೂ ಕೇಳಿಸಬಾರದೆಂದು. ಅಮ್ಮ ನೀರಿನ ಲೋಟ ಹಿಡಿದು ಬಾಗಿಲಿಗೆ ಹೋಗುತ್ತಿದ್ದಳು. ಅವರ ಬಾಯಾರಿಕೆಗಲ್ಲ, ಹತ್ತಿರ ನಿಂತು ಮೂಸುವುದಕ್ಕೆ. ಕೊನೆಗೆ ಏಲಕ್ಕಿಯನ್ನೇ ಅಡುಗೆಮನೆಯಿಂದ ಹೊರಹಾಕಿದಳು. ಎಷ್ಟೋ ವರ್ಷ ನಮ್ಮ ಮನೆಯ ಪಾಯಸಕ್ಕೂ ಬೆಲ್ಲ ಹಾಕಿದ ಗಂಜಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಾವ ಮೆಟ್ಟಿಲ ಮೇಲೆ ಬಿದ್ದಿದ್ದರು. ಮುಷ್ಟಿಯಲ್ಲಿ ಸ್ಕೂಟರಿನ ಕೀ. ಅದನ್ನು ತೆಗೆಯಲು ನಾನು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಕೊನೆಯ ಬೆರಳು ಬಿಡಿಸುವಾಗ ಅವರು ಕಣ್ಣು ತೆರೆಯದೆ, ಬಹಳ ಮರ್ಯಾದೆಯಿಂದ, "ಥ್ಯಾಂಕ್ಸ್" ಎಂದರು. ನಗು ಬರಬೇಕಾದ ಮಾತು. ನಾನು ಕೀಯನ್ನು ಅಕ್ಕಿ ಡಬ್ಬಿಯ ತಳದಲ್ಲಿ ಹೂತಿಟ್ಟೆ.

ಮರುವಾರ ಅವರೇ ಬ್ಯಾಗು ಕಟ್ಟಿಕೊಂಡು ಮದ್ಯವರ್ಜನ ಶಿಬಿರಕ್ಕೆ ಹೋದರು. ಮರಳಿ ಬಂದವರು ಮನೆಯಲ್ಲೊಂದು ಹೊಸ ಕ್ರಮ ತಂದರು. ಹೊರಗಿನಿಂದ ಬಂದ ಕೂಡಲೇ ಚಪ್ಪಲಿ ಕಳಚಿ, ಅಮ್ಮನ ಮುಂದೆ ನಿಂತು, ಬಾಯಿ ದೊಡ್ಡದು ಮಾಡಿ, "ಹಾ" ಎನ್ನುವುದು.

"ನೋಡು ಅಕ್ಕ, ಚೆಕ್‌ಪೋಸ್ಟ್ ಪಾಸ್."

"ನೀರುಳ್ಳಿ ಬಜೆ ತಿಂದಿದ್ದಿ ಮಾರಾಯ. ಮೊದಲು ಬಾಯಿ ತೊಳಿ."

ಹೀಗೆ ಒಂಬತ್ತು ತಿಂಗಳು ಕಳೆಯಿತು. ಆಗ ಆಟಿ, ನಮ್ಮ ತುಳುವರ ಮಳೆಗಾಲದ ತಿಂಗಳು, ಬಂತು. ಆಟಿಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವುದು ನಮ್ಮ ಪದ್ಧತಿ. ಕೋಳಿಸಾರು, ರೊಟ್ಟಿ, ಜೊತೆಗೆ ಅವರಿಗೆ ಏನು ಇಷ್ಟವಿತ್ತೋ ಅದು. ಬಡಿಸಿ, ಬಾಗಿಲು ಒರಗಿಸಿ, ಅವರು ಉಣ್ಣುವಷ್ಟು ಹೊತ್ತು ನಾವು ಹೊರಗೆ ಕೂರಬೇಕು. ಅಮ್ಮನ ಸೋದರಮಾವನಿಗೆ, ನಾವು ಅಜ್ಜ ಎನ್ನುತ್ತಿದ್ದವರಿಗೆ, ಇಷ್ಟವಿದ್ದದ್ದು ಬ್ರಾಂದಿ. ಅದನ್ನು ಲೋಟಕ್ಕೆ ಸುರಿಯಬೇಕಾದವರು ಕುಟುಂಬದ ಹಿರಿಯ ಗಂಡಸು. ಅಂದರೆ ನಮ್ಮ ಮಾವ.

ಅತ್ತಾವರದಲ್ಲಿರುವ ದೊಡ್ಡಮ್ಮನಿಗೆ ಅಮ್ಮ ಫೋನ್ ಮಾಡಿ, ಈ ಸಲ ಬ್ರಾಂದಿ ಬಿಟ್ಟರೆ ಹೇಗೆ ಎಂದು ಕೇಳಿದಳು.

"ಜೀವನ ಇಡೀ ಕುಡಿದವರು ಅವರು," ಎಂದರು ದೊಡ್ಡಮ್ಮ. "ಈಗ ಸತ್ತ ಮೇಲೆ ಅವರನ್ನೂ ಶಿಬಿರಕ್ಕೆ ಕಳಿಸ್ತೀಯಾ?"

ಅಮ್ಮ ಫೋನಿಟ್ಟು ಕಿಟಕಿಯ ಕಡೆ ನೋಡಿದಳು. ಅಲ್ಲಿ ಮಾವ ಕುಡಿಯುತ್ತಿದ್ದ ಕಾಲದ ಬ್ರಾಂದಿ ಬಾಟಲಿಯೊಂದರಲ್ಲಿ ಮನಿಪ್ಲಾಂಟ್ ಇತ್ತು. ಅದನ್ನು ಕಿತ್ತು ಜಾಮಿನ ಬಾಟಲಿಗೆ ವರ್ಗಾಯಿಸಿ, ಬ್ರಾಂದಿ ಬಾಟಲಿಯನ್ನು ತಿಕ್ಕಿ ತೊಳೆದು, ಕಣ್ಣ ಚಾ ಕಾಯಿಸಿ ತುಂಬಿದಳು. ಹಾಲಿಲ್ಲದ ಕರಿ ಚಹಾ.

"ಬಣ್ಣ ಸರಿ ಉಂಟಲ್ಲ?"

ನಾನು ಬೆಳಕಿಗೆ ಹಿಡಿದು ನೋಡಿ, ಸ್ವಲ್ಪ ನೀರು ಸೇರಿಸಲು ಸಲಹೆ ಕೊಟ್ಟೆ. ಹದಿನೈದು ವರ್ಷ ಕುಡಿದವರ ಮುಂದೆ ಹೀಗೊಂದು ಬಾಟಲಿ ಇಟ್ಟು ಪಾರಾಗಬಹುದೆಂದುಕೊಂಡ ಬುದ್ಧಿವಂತರು ಮಂಗಳೂರಿನಲ್ಲಿ ನಾವಿಬ್ಬರೇ ಇರಬೇಕು.

ಸಂಜೆ ದೀಪ ಹಚ್ಚಿ ಎಲೆ ಹಾಕಿಯಾಯಿತು. ಮಾವ ಬಾಟಲಿ ಎತ್ತಿಕೊಂಡರು. ಮುಚ್ಚಳದ ಮೇಲೆ ಕೈ ನಿಂತಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಅಮ್ಮನ ಉಗುರು ನನ್ನ ಮೊಣಕೈಯಲ್ಲಿ ಊರಿತ್ತು. ಮುಚ್ಚಳ ತಿರುಗಿಸಿದರು. ಮೂಗನ್ನು ಬಾಟಲಿಯ ಬಾಯಿಗೆ ತಂದರು. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಕಣ್ಣ ಚಾ! ಸಕ್ಕರೆಯಾದ್ರೂ ಹಾಕಿದ್ದೀಯಾ ಅಕ್ಕ?"

"ಅಜ್ಜನಿಗೆ ಶುಗರ್ ಇತ್ತಲ್ಲ ಮಾರಾಯ," ಎಂದಳು ಅಮ್ಮ.

ಮೂವರೂ ನಕ್ಕೆವು. ನಗು ಮುಗಿದ ಮೇಲೆ ಮಾವ ಕೇಳಿದರು, "ನನ್ನ ಮೇಲೆ ನಂಬಿಕೆ ಇಲ್ವಾ?"

"ಉಂಟು. ಹೆದರಿಕೆಯೂ ಉಂಟು," ಎಂದಳು ಅಮ್ಮ.

"ನನಗೂ ಉಂಟು. ಬೆಳಿಗ್ಗೆಯಿಂದ ಅದೇ ಯೋಚನೆ. ನಿಜದ್ದೇ ಇದ್ದಿದ್ರೆ ಈ ಕೈ ಎಂತ ಮಾಡ್ತಿತ್ತೋ, ಗೊತ್ತಿಲ್ಲ."

ಮತ್ತೆ ಎಲೆಯ ಕಡೆ ತಿರುಗಿ, ಲೋಟ ತುಂಬ ಸುರಿದು, ಕೈಮುಗಿದರು. "ಅಜ್ಜ, ಇನ್ನು ಮುಂದೆ ಇದೇ. ಕೋಪ ಬಂದ್ರೆ ನನ್ನ ಮೇಲೆ ಬರ್ಲಿ. ಅಕ್ಕನನ್ನು ಬಿಡಿ."

ಆಮೇಲೆ ಐದು ಆಟಿ ಕಳೆದಿವೆ. ಅಜ್ಜ ಇದುವರೆಗೆ ತಕರಾರು ಮಾಡಿಲ್ಲ. ದೊಡ್ಡಮ್ಮನಿಗೆ ನಾವು ಹೇಳಿಯೂ ಇಲ್ಲ. ಇದನ್ನು ಓದಿದರೆ ತಿಳಿಯುತ್ತದೆ. ನಡುವೆ ಒಮ್ಮೆ, ಎರಡು ದಿನ, ಮಾವ ಜಾರಿದರು. ಮೂರನೆಯ ದಿನ ತಾವೇ ಶಿಬಿರದವರಿಗೆ ಫೋನ್ ಮಾಡಿದರು. ಅದನ್ನು ಮುಚ್ಚಿಟ್ಟರೆ ಉಳಿದದ್ದನ್ನು ನೀವು ನಂಬಬೇಕಾಗಿಲ್ಲ.

ಇವತ್ತು ಎದ್ದು ನಿಂತವನು ಪೇಪರು ಮಡಚಿ ಮತ್ತೆ ಕುಳಿತೆ. ಮಾವ ಬನ್ಸ್ ಕಟ್ಟು ಬಿಚ್ಚಿದರು, ಅಮ್ಮ ಚಹಾ ತಂದಳು, ಹೋಟೆಲಿನ ಹೊಸ ಅಡುಗೆಯವನ ಸಾಂಬಾರಿನ ಬಗ್ಗೆ ಮಾತಾಯಿತು. ಅರ್ಧ ಲೋಟ ಕುಡಿದ ಮೇಲೆ ನನಗೆ ಹೊಳೆಯಿತು: ಮಾವ ಇವತ್ತು "ಹಾ" ಎನ್ನಲಿಲ್ಲ. ಅಮ್ಮ ಕೇಳಲೂ ಇಲ್ಲ. ಅವರಿಬ್ಬರಿಗೂ ಅದು ಮರೆತೇ ಹೋಗಿತ್ತು.

"ಎಂತ, ಹಾಗೆ ನೋಡ್ತಿ?" ಎಂದರು ಮಾವ.

"ಎಂತ ಇಲ್ಲ," ಎಂದು ಇನ್ನೊಂದು ಬನ್ಸ್ ತೆಗೆದುಕೊಂಡೆ. ಚಹಾದಲ್ಲಿ ಏಲಕ್ಕಿ ಚೆನ್ನಾಗಿತ್ತು.