ಎದುರಿಗೊಬ್ಬಳು ಬೇಕು

ಗುಬ್ಬಿಯ ನಮ್ಮ ನಾರು ಸಂಘದಲ್ಲಿ ಸಿದ್ದಲಕ್ಷ್ಮಮ್ಮ ಹದಿನೆಂಟು ವರ್ಷ ಮಾಡಿದ ಕೆಲಸ ಒಂದೇ, ರಾಟೆ ತಿರುಗಿಸುವುದು. ಸರದಿಯ ಮೇಲೆ ಇಬ್ಬಿಬ್ಬರು ಹೆಂಗಸರು ಬಡಿದು ಹದಮಾಡಿದ ತೆಂಗಿನ ನಾರನ್ನು ಮಡಿಲಲ್ಲಿ ತುಂಬಿಕೊಂಡು, ಅದರ ಎಳೆಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಹುರಿ ಬಿಡುತ್ತ ಹಿಂದಹಿಂದಕ್ಕೆ ಷೆಡ್ಡಿನ ಆ ತುದಿಯವರೆಗೆ ನಡೆಯುತ್ತಿದ್ದರು. ಆಕೆ ಈ ತುದಿಯಲ್ಲಿ ಕೂತು ಚಕ್ರ ತಿರುಗಿಸುತ್ತ ಅವರನ್ನೇ ನೋಡುತ್ತಿದ್ದಳು. ಬಾಯಿಯೂ ತಿರುಗುತ್ತಿತ್ತು. ಒಬ್ಬಳ ಅತ್ತೆಯ ಸುದ್ದಿ, ಇನ್ನೊಬ್ಬಳ ಎಮ್ಮೆಯ ಸುದ್ದಿ, ನಡುವೆ ಒಂದು ‘ದಪ್ಪ ಆಯ್ತು’, ಒಂದು ‘ಸಣ್ಣ ಆಯ್ತು’. ಗುಮಾಸ್ತನಾದ ನಾನು ಅದನ್ನೆಲ್ಲ ಹರಟೆ ಎಂದೇ ತಿಳಿದಿದ್ದೆ. ಕಡತದಲ್ಲಿ ಹರಟೆಗೆ ಕಾಲಂ ಇರಲಿಲ್ಲ.

ಸಂಘದ ಅಧ್ಯಕ್ಷರು ಮೂಡಲಗಿರಿಯಪ್ಪನವರು. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಅವರು ತುಮಕೂರಿನಲ್ಲಿ ನಡೆದ ಮೂರು ದಿನದ ನಾಯಕತ್ವ ಶಿಬಿರಕ್ಕೆ ಹೋಗಿಬಂದರು. ಹೋಗುವಾಗ ಒಂದು ಚೀಲ ಒಯ್ದಿದ್ದವರು ಬರುವಾಗ ಒಂದು ಪ್ಲಾಸ್ಟಿಕ್ ಫೈಲು, ಎದೆಗೆ ಚುಚ್ಚಿದ ಬ್ಯಾಡ್ಜು, ‘ಪರಿವರ್ತನೆ’ ಎಂಬ ಒಂದು ಪದ ತಂದರು. ಬ್ಯಾಡ್ಜನ್ನು ಎರಡು ವಾರಕ್ಕೆ ತೆಗೆದರು. ಪದವನ್ನು ತೆಗೆಯಲಿಲ್ಲ.

ಮುಂದಿನ ತಿಂಗಳೇ ಹೊಸ ರಾಟೆಗಳು ಬಂದವು. ಒಬ್ಬಳೇ ಕೂತು ಕಾಲಲ್ಲಿ ತುಳಿಯುತ್ತ ಈಚೆಯಿಂದ ನಾರು ಕೊಟ್ಟರೆ, ಹುರಿ ಆಚೆ ಬದಿಯ ಉರುಳೆಗೆ ತಾನೇ ಸುತ್ತಿಕೊಳ್ಳುವ ಯಂತ್ರ. ನಡೆಯಬೇಕಿಲ್ಲ, ಚಕ್ರ ತಿರುಗಿಸುವವರೂ ಬೇಡ. ಅಧ್ಯಕ್ಷರು ಅವನ್ನು ಸ್ಕೂಲಿನ ಬೆಂಚುಗಳ ಹಾಗೆ ಸಾಲಾಗಿ, ಎಲ್ಲರೂ ತಮ್ಮ ಮೇಜಿಗೆ ಮುಖಮಾಡಿ ಕೂರುವಂತೆ ಹಾಕಿಸಿದರು. ಮುಖಂಡ ಸದಾ ಜನರ ಕಣ್ಣೆದುರು ಇರಬೇಕೆಂದು ಶಿಬಿರದಲ್ಲಿ ಹೇಳಿದ್ದರಂತೆ. ಹೀಗಾಗಿ ಪ್ರತಿಯೊಬ್ಬಳಿಗೂ ಮುಂದಿನವಳ ತುರುಬು ಕಾಣುತ್ತಿತ್ತು, ತುರುಬಿನಾಚೆ ಅಧ್ಯಕ್ಷರು ಕಾಣುತ್ತಿದ್ದರು.

ರಾಟೆ ತಿರುಗಿಸುವ ಹುದ್ದೆ ತಿಂಗಳ ಕೊನೆಗೆ ರದ್ದು ಎಂದು ನನ್ನ ಕೈಯಲ್ಲೇ ನೋಟೀಸು ಬರೆಸಿದರು. ಸಿದ್ದಲಕ್ಷ್ಮಮ್ಮನಿಗೆ ಓದಿ ಹೇಳಿದವನೂ ನಾನೇ. ಆಕೆ ಗಂಡನಿಲ್ಲದವಳು. ಮಗಳು ದಾಕ್ಷಾಯಣಿ ಮರಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಟೀಚರ್ ಟ್ರೈನಿಂಗ್ ಓದುತ್ತಿದ್ದಳು, ಇನ್ನೊಂದು ವರ್ಷ ಬಾಕಿ. ಆಕೆ ನೋಟೀಸನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಅಲ್ಲಿಯವರೆಗೆ ಏನು ಮಾಡಲಿ ಎಂದು ಕೇಳಿದಳು. ನೀರು ತಂದುಕೊಡಬೇಕು ಎಂದೆ.

ಎರಡು ವಾರ ಹೊಸ ಹುರಿ ಗುಡ್ಡೆಗುಡ್ಡೆಯಾಗಿ ಬಂತು. ಶಿರಾ ಗೇಟಿನ ಹಗ್ಗದ ವ್ಯಾಪಾರಿ ಕರಿಬಸವಯ್ಯನವರು ಅಷ್ಟನ್ನೂ ವಾಪಸು ಕಳಿಸಿದರು. ಹುರಿ ಒಂದು ಕಡೆ ಹೆಬ್ಬೆರಳಿನಷ್ಟು, ಇನ್ನೊಂದು ಕಡೆ ಜನಿವಾರದಷ್ಟು ಇದೆ ಎಂದು ಹೇಳಿ ಕಳಿಸಿದ್ದರು. ಸುದ್ದಿ ಮೇಲಿನ ಕಚೇರಿಗೂ ಮುಟ್ಟಿತು. ಮುಂದಿನ ಗುರುವಾರದ ಮಾಲೂ ಒಪ್ಪಿಗೆಯಾಗದಿದ್ದರೆ ರಾಟೆಗಳನ್ನು ಕುಣಿಗಲ್ ಕಡೆಯ ಸಂಘಕ್ಕೆ ಸಾಗಿಸುವುದಾಗಿ ಕಾಗದ ಬಂತು. ಅಧ್ಯಕ್ಷರು ಹೆಂಗಸರನ್ನು ನಿಲ್ಲಿಸಿ ಪರಿವರ್ತನೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತು ಹುರಿ ಕೆಡಲಿಲ್ಲ, ಯಾಕೆಂದರೆ ಯಾರೂ ನೂಲುತ್ತಿರಲಿಲ್ಲ.

ಸೋಮವಾರ ಅವರು ಸಲಹೆ ಕೇಳಲು ತುಮಕೂರಿಗೆ ಹೋದರು. ಸಿದ್ದಲಕ್ಷ್ಮಮ್ಮ ಕೊಡಪಾನ ಇಳಿಸಿ, ಅಧ್ಯಕ್ಷರ ಮೇಜಿನ ಹತ್ತಿರ ನಿಂತು ಬಹಳ ಹೊತ್ತು ನೋಡಿದಳು. ಅಲ್ಲಿಂದ ಉರುಳೆಗಳು ಕಾಣುತ್ತಿದ್ದವು. ಆಮೇಲೆ ನನ್ನ ಕಡೆ ತಿರುಗಿದಳು.

“ಗುಮಾಸ್ತಪ್ಪ, ಹುರಿ ಎತ್ಲಾಗೆ ಸುತ್ಕೊಳ್ತೈತೆ ನೋಡು. ನೂಲೋಳಿಗೆ ಕಾಣಾಕಿಲ್ಲ. ಕಾಣಾದು ಯಜಮಾನ್ರಿಗೆ ಒಬ್ರಿಗೇಯ. ಅವ್ರಿಗೆ ದಪ್ಪ ಯಾವ್ದು, ಸಣ್ಣ ಯಾವ್ದು ಅಂತ ಗೊತ್ತಾ?”

ಗೊತ್ತಿಲ್ಲವೆಂದು ಹೇಳುವ ಧೈರ್ಯ ನನಗಿರಲಿಲ್ಲ, ಗೊತ್ತಿದೆಯೆಂದು ಹೇಳುವ ನಾಚಿಕೆಗೇಡೂ ಇರಲಿಲ್ಲ. ರಾಟೆಗಳನ್ನು ಜೋಡಿಜೋಡಿಯಾಗಿ ಎದುರುಬದುರು ಇಟ್ಟರೆ ಇವಳ ಉರುಳೆಯನ್ನು ಅವಳು, ಅವಳದ್ದನ್ನು ಇವಳು ನೋಡಬಹುದು ಎಂಬುದು ಆಕೆಯ ಲೆಕ್ಕ. ಮೊದಲು ತಾನೊಬ್ಬಳು ಮಾಡುತ್ತಿದ್ದ ಕೆಲಸವನ್ನು ಎಲ್ಲರಿಗೂ ಹಂಚಿಬಿಡುತ್ತಿದ್ದಾಳೆ, ತನ್ನ ಹುದ್ದೆಗೆ ತಾನೇ ಮಣ್ಣು ಹಾಕುತ್ತಿದ್ದಾಳೆ ಎನ್ನುವುದು ನನಗೇ ಹೊಳೆದಿತ್ತು, ಆಕೆಗೆ ಹೊಳೆಯದೆ ಇರುತ್ತದೆಯೇ? ಹಾಗೆಂದೆ ಕೂಡ. ರಾಟೆಗಳೇ ಕುಣಿಗಲ್‌ಗೆ ಹೋದರೆ ಇಷ್ಟು ಹೆಂಗಸರ ಗತಿಯೇನು ಎಂದು ಆಕೆ ನನ್ನನ್ನೇ ಕೇಳಿದಳು. ನಾನು ನಿಯಮದ ಮೊರೆ ಹೊಕ್ಕೆ. ಜಾಗ ಬದಲಿಸಲು ಸಭೆಯ ಠರಾವು ಬೇಕಲ್ಲ ಎಂದೆ.

“ಠರಾವು ಆಮ್ಯಾಕೆ ಬರ್ಕೊ ಕಣಪ್ಪ. ಈಗ ಈ ಕಡೆ ಹಿಡ್ಕೊ.”

ಹಿಡಿದುಕೊಂಡೆ. ಸಂಜೆಯೊಳಗೆ ಐದು ಜೋಡಿ ಕೂತವು. ಒಂದು ರಾಟೆ ಉಳಿಯಿತು, ರೇವಮ್ಮನದು. ಅವಳ ಎದುರಿಗೆ ಯಾರೂ ಇಲ್ಲದ್ದರಿಂದ ಸದ್ಯಕ್ಕೆ ಸಿದ್ದಲಕ್ಷ್ಮಮ್ಮನೇ ನಿಂತಳು. ಜಾಗ ಸಾಲದೆ ಅಧ್ಯಕ್ಷರ ಮೇಜನ್ನು ಜಗಲಿಗೆ ಹಾಕಿದೆವು.

ಮಂಗಳವಾರ ಅಧ್ಯಕ್ಷರು ಬಂದರು. ಮೊದಲು ಮೇಜನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಒಂದು ಕಡತದಲ್ಲಿ ಬಹಳ ಮುಖ್ಯವಾದದ್ದನ್ನು ಹುಡುಕತೊಡಗಿದೆ. ಯಾರ ಅಪ್ಪಣೆ ಎಂದು ಅವರು ಕೇಳಿದ್ದಕ್ಕೆ ಸಿದ್ದಲಕ್ಷ್ಮಮ್ಮ ಮುಂದೆ ಬಂದಳು.

“ಗುರುವಾರದ ಗಂಟ ಬುಡಿ ಯಜಮಾನ್ರೆ. ಮಾಲು ಒಪ್ದೆ ಹೋದ್ರೆ ನಿಮ್ ಮೇಜು ಒಳಕ್ಕೆ ಬತ್ತೈತೆ, ನಾನು ಅವತ್ತೇ ಹೊರಕ್ಕೋಯ್ತೀನಿ. ತಿಂಗ್ಳು ತುಂಬೋಗಂಟ ಕಾಯಾಕಿಲ್ಲ.”

ತುಮಕೂರಿನ ಸಲಹೆಗಾರರು ಅವರಿಗೆ ಇನ್ನೊಂದು ಶಿಬಿರಕ್ಕೆ ಬರಲು ಹೇಳಿದ್ದರು, ಅಷ್ಟೇ. ಬೇರೆ ದಾರಿಯಿಲ್ಲದ ಅಧ್ಯಕ್ಷರು ಜಗಲಿಯ ಮೇಜಿಗೆ ಹೋಗಿ ಕೂತರು. ಒಳಗೆ ಅತ್ತೆ, ಎಮ್ಮೆ, ದಪ್ಪ, ಸಣ್ಣ ಎಲ್ಲ ಶುರುವಾಯಿತು.

ಗುರುವಾರ ಕರಿಬಸವಯ್ಯನವರು ತಾವೇ ಬಂದರು. ಒಂದು ಉರುಳೆ ಬಿಚ್ಚಿ ಹುರಿಯನ್ನು ಎರಡು ಬೆರಳ ನಡುವೆ ಹಿಡಿದು, ಕಣ್ಣುಮುಚ್ಚಿ ಎಳೆಯುತ್ತ ಹೋದರು. ಎಳೆದರು, ಎಳೆದರು. ಷೆಡ್ಡಿನಲ್ಲಿ ಒಬ್ಬಳೂ ತುಳಿಯುತ್ತಿರಲಿಲ್ಲ. ಎಲ್ಲೂ ಬೆರಳು ನಿಲ್ಲಲಿಲ್ಲ. ಕಣ್ಣುಬಿಟ್ಟು, ಗಾಡಿಗೆ ಹಾಕಿಸಿ ಎಂದರು.

ಅಧ್ಯಕ್ಷರ ಮೈಮೇಲೆ ಮತ್ತೆ ಪರಿವರ್ತನೆ ಬಂತು. ಎದುರುಬದುರು ಜೋಡಣೆಯ ಕಲ್ಪನೆ ಶಿಬಿರದಲ್ಲೇ ತಮಗೆ ಹೊಳೆದಿತ್ತೆಂದು ಕರಿಬಸವಯ್ಯನವರಿಗೆ ವಿವರಿಸಿದರು. ಸಿದ್ದಲಕ್ಷ್ಮಮ್ಮ ಹೌದೆನ್ನುವಂತೆ ತಲೆಯಾಡಿಸಿದಳು. ಗಾಡಿ ಹೋದ ಮೇಲೆ ಅವರು ಗಂಟಲು ಸರಿಮಾಡಿಕೊಂಡು, ಆಕೆಯ ಸೇವೆಯನ್ನು ಸಂಘ ಮರೆಯುವುದಿಲ್ಲ, ಆದರೆ ರಾಟೆ ತಿರುಗಿಸುವ ಹುದ್ದೆ ಈಗ ಇಲ್ಲವಲ್ಲ ಎಂದರು.

ಆಗ ರೇವಮ್ಮ ತುಳಿಯುವುದನ್ನು ನಿಲ್ಲಿಸಿದಳು. ಅವಳು ಅಧ್ಯಕ್ಷರೆದುರು ಬಾಯಿಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅಕ್ಕ ಹೋದ್ರೆ ನನ್ ಉರುಳೆ ನೋಡೋರ್ಯಾರು? ನೀವು ಕೂತ್ಕೊಳ್ತೀರಾ?”

ಅಧ್ಯಕ್ಷರು ರೇವಮ್ಮನ ಎದುರಿನ ಜಾಗವನ್ನು ನೋಡಿದರು. ದಿನವಿಡೀ ಅಲ್ಲಿ ಕೂತು ರೇವಮ್ಮನಿಂದ ಬೈಸಿಕೊಳ್ಳುವ ತಮ್ಮ ಚಿತ್ರ ಅವರ ಕಣ್ಮುಂದೆ ಬಂದಿರಬೇಕು. ‘ಹುರಿ ವೀಕ್ಷಕಿ’ ಎಂಬ ಹೊಸ ಹುದ್ದೆಯನ್ನು ಆ ಕ್ಷಣವೇ ಸೃಷ್ಟಿಸಿದರು. ಮುಖಂಡನಾದವನು ತಕ್ಷಣ ನಿರ್ಧರಿಸಬೇಕು ಎಂದೂ ಸೇರಿಸಿದರು. ನಾನು ಅವರ ಮನಸ್ಸು ಬದಲಾಗುವುದರೊಳಗೆ ಬರೆದು ಸಹಿ ಹಾಕಿಸಿಕೊಂಡೆ. ನನ್ನ ನೌಕರಿಯಲ್ಲಿ ಅಷ್ಟು ಬೇಗ ಹೊರಟ ಆದೇಶ ಇನ್ನೊಂದಿಲ್ಲ.

ಓದಿ ಹೇಳಿದಾಗ ಸಿದ್ದಲಕ್ಷ್ಮಮ್ಮ ಕೇಳಿದ್ದು, ಸಂಬಳ ಅಷ್ಟೇನಾ ಎಂದು. ಅಷ್ಟೇ ಎಂದೆ. ಹಾಗಾದರೆ ಏನೆಂದಾದರೂ ಕರೆಯಿರಿ ಎಂದಳು. ಆಮೇಲೆ ರೇವಮ್ಮನ ಎದುರು ಕೂತು ಬುತ್ತಿ ಬಿಚ್ಚಿದಳು. ನೋಟೀಸು ಕೇಳಿದ ದಿನದಿಂದ ಮುದ್ದೆ ಗಂಟಲಲ್ಲಿ ಇಳಿದಿರಲಿಲ್ಲವಂತೆ. ಅವತ್ತು ಇಳಿಯಿತು. ಅರ್ಧ ತಿಂದವಳು ಕೈ ನಿಲ್ಲಿಸಿ, ಉರುಳೆಯ ಮೇಲಿನ ಕಣ್ಣು ಕದಲಿಸದೆಯೇ, “ರೇವಿ, ಸಣ್ಣ ಆಯ್ತು ಕಣೇ,” ಎಂದಳು.