ಮುದೀರರ ರೈಫಲ್ ನಮ್ಮ ಡಿಕ್ಕಿಯಲ್ಲಿ

ಕೊಡಗಿನವಳು ಎಂದು ಗೊತ್ತಾದ ಕೂಡಲೇ ಜನ ನನ್ನಲ್ಲಿ ಎರಡು ವಿಷಯ ಕೇಳುತ್ತಾರೆ. ಒಂದು ಹಂದಿಮಾಂಸ, ಇನ್ನೊಂದು ಕೋವಿ. ಕುವೈತ್‌ನಲ್ಲಿ ಮೊದಲನೆಯದರ ಮಾತೇ ಎತ್ತುವಂತಿಲ್ಲ. ಹಾಗಾಗಿ ಇಷ್ಟು ವರ್ಷ ನನ್ನ ಜಂಬವೆಲ್ಲ ಕೋವಿಯ ಮೇಲೆಯೇ ನಡೆದುಕೊಂಡು ಬಂದಿತ್ತು.

ನಾನು ಸಬ್ಹಾನ್‌ನಲ್ಲಿ ವಾಹನಗಳ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಅಕೌಂಟೆಂಟ್. ಅದರ ಮಾಲೀಕರನ್ನು ನಾವೆಲ್ಲ ಮುದೀರ್ ಎನ್ನುತ್ತೇವೆ. ಕುವೈತಿಯವರು, ನನಗಿಂತ ಸ್ವಲ್ಪ ಚಿಕ್ಕವರು, ನನ್ನ ವೀಸಾಕ್ಕೆ ಹೊಣೆ ನಿಂತ ಕಫೀಲ್ ಕೂಡ ಅವರೇ. ಕೆಟ್ಟ ಮನುಷ್ಯರಲ್ಲ. ಸಂಬಳ ತಡ ಮಾಡಿದವರಲ್ಲ, ದನಿ ಎತ್ತಿದವರಲ್ಲ. ಆದರೆ ಬೇಡ ಎನ್ನುವ ಮಾತನ್ನು ಚಿಕ್ಕಂದಿನಿಂದ ಯಾರ ಬಾಯಿಂದಲೂ ಕೇಳದೆ ಬೆಳೆದವರ ಒಂದು ಸಲೀಸುತನ ಇರುತ್ತದಲ್ಲ, ಅದು ಅವರಲ್ಲಿ ಧಾರಾಳವಾಗಿತ್ತು.

ನಮ್ಮ ಆಯುಧಪೂಜೆಯ ಹಬ್ಬ ಕೈಲು ಮುಹೂರ್ತದ ದಿನ ನನ್ನ ಅಣ್ಣ ಊರಿನಿಂದ ಫೋಟೋ ಕಳಿಸಿದ್ದ. ದೀಪದ ಮುಂದೆ ಮನೆಯ ಕೋವಿಗಳನ್ನು ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಎನ್ನುವ ಹೂವು ಸಿಕ್ಕಿಸಿ ಪೂಜೆ ಮಾಡಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಅದನ್ನು ಆಫೀಸಿನವರಿಗೆ ತೋರಿಸುತ್ತಿದ್ದೆ. ಮುದೀರ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. ಇಷ್ಟು ಕೋವಿಗಳಿಗೂ ಲೈಸೆನ್ಸ್ ಸಿಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮಗೆ ಲೈಸೆನ್ಸ್ ಬೇಡ, ನಮ್ಮ ಜನಕ್ಕೆ ಹಿಂದಿನಿಂದಲೂ ವಿನಾಯಿತಿ ಇದೆ ಎಂದೆ. ಮದುವೆಗೆ ಮುಂಚೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಗೆದ್ದಿದ್ದೆ ಎಂಬುದನ್ನೂ ಬಿಡಲಿಲ್ಲ. ಅವರ ಕಣ್ಣು ಅರಳಿತು. ಅಂದಿನಿಂದ ಅವರ ಸ್ನೇಹಿತರ ವಲಯದಲ್ಲಿ ನಾನು ಅಕೌಂಟೆಂಟ್ ಆಗಿ ಉಳಿಯಲಿಲ್ಲ, ಲೈಸೆನ್ಸ್ ಬೇಡದ ಹೆಂಗಸು ಆಗಿಬಿಟ್ಟೆ.

ಚಳಿಗಾಲ ಶುರುವಾಗುವಾಗ ಮುದೀರ್ ಒಂದು ರೈಫಲ್ ಕೊಳ್ಳಲು ಹೊರಟರು. ಅಂಗಡಿಗೆ ನೀನೂ ಬಾ, ಗಂಡನನ್ನೂ ಕರೆದುಕೊಂಡು ಬಾ ಎಂದರು. ನನ್ನ ಗಂಡ ಮಂಗಳೂರು ಕಡೆಯವರು, ಮನೆಮಾತು ತುಳು, ಒಂದು ಹೋಟೆಲಿನ ಖರೀದಿ ವಿಭಾಗದಲ್ಲಿ ಕೆಲಸ. ಪಟಾಕಿ ಹೊಡೆಯುವಾಗಲೂ ಕಿವಿ ಮುಚ್ಚಿಕೊಳ್ಳುವ ಜಾತಿ.

"ನಿಂಗೆ ಎಂತ ಉಸಾಬರಿ ಮಾರಾಯ್ತಿ? ಕೋವಿ ಅವರದ್ದು, ದುಡ್ಡು ಅವರದ್ದು" ಎಂದು ಗೊಣಗಿದರು. ಗೊಣಗುತ್ತಲೇ ಬಂದರು.

ಅಂಗಡಿಯವನು ಗಾಜಿನ ಕಪಾಟಿನಿಂದ ತೆಗೆದು ಎರಡು ರೈಫಲ್‌ಗಳನ್ನು ಬಟ್ಟೆಯ ಮೇಲೆ ಇಟ್ಟ. ಒಂದು ಪೂರ್ತಿ ಕಪ್ಪು, ಸಿನಿಮಾದವರು ಹಿಡಿಯುವಂಥದ್ದು. ಇನ್ನೊಂದು ಹಳೆಯ ಕಾಲದ ಸೈನಿಕರು ಯುದ್ಧದಲ್ಲಿ ಹಿಡಿದಿದ್ದ ರೈಫಲಿನ ಪಡಿಯಚ್ಚು. ಮರದ ಹಿಡಿ, ಗಿಡ್ಡ ನಳಿಗೆ, ಕೆಳಗೆ ಪುಟ್ಟ ಮ್ಯಾಗಜೀನ್. ರೂಪ ಮಾತ್ರ ಮಿಲಿಟರಿಯದು, ಗುಂಡು ಚಿಕ್ಕದು. ಸೆಮಿ ಆಟೊಮ್ಯಾಟಿಕ್ ಆದ್ದರಿಂದ ಪ್ರತಿ ಸಲ ಗುಂಡು ತುಂಬುವ ಕೆಲಸವಿಲ್ಲ. ಟ್ರಿಗರ್ ಒತ್ತಿದ ಹಾಗೆಲ್ಲ ಒಂದೊಂದೇ ಗುಂಡು ಹೋಗುತ್ತದೆ. ನಾನು ಕೈಚಾಚಿದಾಗ ಅಂಗಡಿಯವನು ರೈಫಲನ್ನು ತನ್ನ ಕಡೆಗೆ ಎಳೆದುಕೊಂಡು, "ಮದಾಮ್, ಲಾ" ಎಂದ. ಮುದೀರ್ ಕೊಡು ಎಂದು ಸನ್ನೆ ಮಾಡಿದರು. ನಾನು ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ಮ್ಯಾಗಜೀನ್ ಕಳಚಿ, ಬೋಲ್ಟ್ ಎಳೆದು ಒಳಗೆ ಖಾಲಿ ಇದೆಯೇ ನೋಡಿದೆ. ಆಮೇಲೆ ಭುಜಕ್ಕೆ ಏರಿಸಿದೆ. ಅಪ್ಪ ಕಲಿಸಿದ್ದ ಕ್ರಮ ಕೈಯಲ್ಲೇ ಉಳಿದಿತ್ತು. ಅಂಗಡಿಯವನ ಮುಖ ಬದಲಾಯಿತು. ಎಷ್ಟೋ ವರ್ಷಗಳ ಮೇಲೆ ಗಟ್ಟಿ ಮರದ ಹಿಡಿಗೆ ಕೆನ್ನೆ ತಾಗಿಸಿದಾಗ ಆದ ಸಂತೋಷವನ್ನು ನಾನು ಮುಚ್ಚಿಡಲಾರೆ.

"ಇದೇ" ಎಂದೆ. ಮುದೀರ್ ಅದನ್ನೇ ಕೊಂಡರು.

ಕಾಗದಪತ್ರಗಳೆಲ್ಲ ಅವರ ಹೆಸರಿನಲ್ಲಿ ಮುಗಿದು ರೈಫಲ್ ಕೈಗೆ ಬಂದ ಮೇಲೆ ಒಂದು ಶುಕ್ರವಾರ ಮರುಭೂಮಿಯ ಕ್ಯಾಂಪಿಗೆ ನಮ್ಮನ್ನು ಕರೆದರು. ಎಂಟು ವರ್ಷದ ನಮ್ಮ ಮಗಳು ಕ್ಯಾಂಪ್ ಎಂದರೆ ಕುಣಿಯುತ್ತಾಳೆ. ಬೆಳಿಗ್ಗೆ ಕಂಪನಿಯ ಗೋದಾಮಿನ ಅಂಗಳದಲ್ಲಿ ಎಲ್ಲರೂ ಸೇರಿದೆವು. ಮುದೀರರ ದೊಡ್ಡ ಗಾಡಿಯಲ್ಲಿ ಹೆಂಡತಿ, ನಾಲ್ಕು ಮಕ್ಕಳು, ಇದ್ದಿಲಿನ ಚೀಲ, ಡೇರೆಯ ಸಾಮಾನು. ಅವರು ಉದ್ದನೆಯ ಒಂದು ಬ್ಯಾಗನ್ನು ಎತ್ತಿಕೊಂಡು ನೇರವಾಗಿ ನಮ್ಮ ಕಾರಿನ ಹತ್ತಿರ ಬಂದರು.

"ಇದು ನಿಮ್ಮ ಡಿಕ್ಕಿಯಲ್ಲಿರಲಿ. ನನ್ನ ಗಾಡಿಯಲ್ಲಿ ಮಕ್ಕಳಿದ್ದಾರೆ, ಮುಟ್ಟಿಬಿಡುತ್ತವೆ" ಎಂದರು.

ನಮ್ಮ ಕಾರಿನಲ್ಲಿಯೂ ಒಂದು ಮಗು ಇತ್ತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತು ಅವರಿಗೆ ಕೈಬೀಸುತ್ತಿತ್ತು.

ಲೈಸೆನ್ಸ್ ಕಾಗದವನ್ನಾದರೂ ಕೊಡಿ ಸರ್ ಎಂದೆ. ಕಾಗದದಲ್ಲಿ ನನ್ನ ಹೆಸರಿದೆ, ನಿನ್ನ ಕೈಲಿದ್ದರೆ ಏನು ಪ್ರಯೋಜನ ಎಂದು ನಕ್ಕರು. ಆ ಮಾತು ಸರಿಯೇ ಆಗಿತ್ತು, ಅದೇ ದೊಡ್ಡ ಫಜೀತಿ. "ನೀನು ಕೋವಿಯ ಜನ. ನಿನ್ನ ಹತ್ತಿರ ಇದ್ದರೆ ನನಗೆ ಧೈರ್ಯ. ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ! ನನ್ನ ಹಿಂದೆಯೇ ಬನ್ನಿ, ಯಲ್ಲಾ!" ಎಂದು ಡಿಕ್ಕಿ ಮುಚ್ಚಿ ಅದರ ಮೇಲೆ ಎರಡು ಸಲ ತಟ್ಟಿದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಡಿಕ್ಕಿ ತೆರೆದು, ಬ್ಯಾಗಿನ ಜಿಪ್ ಎಳೆದು, ರೈಫಲ್ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು ಕೂತೆ.

ಅವರ ಹಿಂದೆಯೇ ಹೋಗುವುದು ನಮ್ಮ ಕಾರಿನಿಂದ ಆಗುವ ಮಾತೇ? ಆರನೇ ರಿಂಗ್ ರೋಡ್ ದಾಟುವಷ್ಟರಲ್ಲಿ ಅವರ ಗಾಡಿ ಕಣ್ಣಿಗೆ ಕಾಣದಾಯಿತು. ಗಂಡ ಸ್ಟೇರಿಂಗನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಓಡಿಸುತ್ತಿದ್ದರು. ಊರು ಮುಗಿದು ಎರಡೂ ಕಡೆ ಬರೀ ಮರಳು ಶುರುವಾದ ಮೇಲೆ, ದೂರದಲ್ಲಿ ಕೆಂಪು ನೀಲಿ ದೀಪ ಕಂಡಿತು. ಪೊಲೀಸರು ರಸ್ತೆಗೆ ಅಡ್ಡ ಕೋನ್ ಇಟ್ಟು ಗಾಡಿಗಳನ್ನು ಒಂದೊಂದಾಗಿ ಬಿಡುತ್ತಿದ್ದರು. ಕೆಲವರ ಡಿಕ್ಕಿ ತೆರೆಸುತ್ತಿದ್ದರು.

ನಾನು ಮುದೀರರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

"ತಿರುಗಿಸುವನಾ?" ಎಂದರು ಗಂಡ.

"ಬೇಡ. ಸಾಲಿಂದ ತಿರುಗಿಸಿದ್ರೆ ಬೆನ್ನಟ್ಟಿಕೊಂಡೇ ಬರ್ತಾರೆ."

ಹಿಂದಿನಿಂದ ಮಗಳು, "ಅಮ್ಮಾ, ವೈ ಆರ್ ವೀ ಸ್ಟಾಪಿಂಗ್?" ಎಂದಳು. ಏನಿಲ್ಲ ಮಗಾ, ಸುಮ್ಮನೆ ಕೂರು ಎಂದೆ.

ಈ ದೇಶದಲ್ಲಿ ಲೈಸೆನ್ಸ್ ಇಲ್ಲದ ಆಯುಧದೊಂದಿಗೆ ಹೊರಗಿನವರು ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಮೊದಲು ಜೈಲು, ಆಮೇಲೆ ವಿಮಾನ, ಮತ್ತೆ ಕಾಲಿಡುವ ಹಾಗಿಲ್ಲ. ಮುದೀರ್ ಓಡಿಬಂದು ಬಿಡಿಸಬಹುದು, ಬಿಡಿಸದಿರಲೂಬಹುದು. ಮುಂದೆ ಇನ್ನು ಮೂರು ಗಾಡಿಗಳಿದ್ದವು. ನನ್ನ ತಲೆ ಆಗ ಆಶ್ಚರ್ಯವಾಗುವಷ್ಟು ತಣ್ಣಗಿತ್ತು. ಮಗಳ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಇರುವುದು ಅಪ್ಪನ ಮೇಲೆ. ಅವರನ್ನು ಹಿಡಿದರೆ ಅವಳ ಶಾಲೆ, ನಮ್ಮ ಸಾಲ್ಮಿಯಾದ ಮನೆ, ಎಲ್ಲವೂ ಖಲಾಸ್. ನನ್ನದು ಬೇರೆ ವೀಸಾ. ನನ್ನನ್ನು ಹಿಡಿದರೆ ನಾನೊಬ್ಬಳೇ.

"ಕೇಳಿ" ಎಂದೆ. "ಡಿಕ್ಕಿ ತೆಗೆಸಿದ್ರೆ ನೀವು ಎಂತದೂ ಮಾತಾಡ್ಬೇಡಿ. ಬ್ಯಾಗ್ ನಂದು, ನಿಮ್ಗೆ ಅದ್ರಲ್ಲಿ ಏನಿದೆ ಅಂತಲೇ ಗೊತ್ತಿಲ್ಲ. ನಾನು ಹಾಗೇ ಹೇಳ್ತೇನೆ. ಮಗು ನಿಮ್ಮ ವೀಸಾದಲ್ಲಿದೆ."

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಸರಿ" ಎಂದರು.

ಪೊಲೀಸ್ ಹುಡುಗ ನಮ್ಮಿಬ್ಬರ ಸಿವಿಲ್ ಐಡಿ ಕೇಳಿದ. ನೋಡಿದ. ಎಲ್ಲಿಗೆ ಎಂದು ಕೇಳಿದ. ಗಂಡ ಕ್ಯಾಂಪಿಗೆ ಎಂದರು. ಹುಡುಗ ಬಗ್ಗಿ ಹಿಂದಿನ ಸೀಟು ನೋಡಿದ. ಮಗಳು ಹಲೋ ಎಂದಳು. ಅವನೂ ಹಲೋ ಎಂದು ಐಡಿ ಮರಳಿಸಿ, ಹೋಗಿ ಎಂದು ಕೈಬೀಸಿದ. ಅಷ್ಟೇ.

ನಾವು ಕ್ಯಾಂಪ್ ತಲುಪಿದಾಗ ಮುದೀರ್ ಇದ್ದಿಲು ಹೊತ್ತಿಸುತ್ತಿದ್ದರು. ಫೋನ್ ಹೆಂಡತಿಯ ಬ್ಯಾಗಿನಲ್ಲಿತ್ತಂತೆ. ಚೆಕ್‌ಪಾಯಿಂಟಿನ ವಿಷಯ ಕೇಳಿ, ನನ್ನ ಹೆಸರು ಹೇಳಬೇಕಿತ್ತು, ಇದಕ್ಕೆಲ್ಲ ಹೆದರುತ್ತಾರೆಯೇ ಎಂದು ನಿಜವಾಗಿಯೂ ಅಚ್ಚರಿಪಟ್ಟರು. ಮೊದಲ ಗುಂಡು ನೀನೇ ಹೊಡೆಯಬೇಕು ಎಂದು ಗೌರವದಿಂದ ರೈಫಲನ್ನು ನನ್ನ ಕೈಗೆ ಕೊಟ್ಟರು. ಮರಳಿನ ದಿಬ್ಬಕ್ಕೆ ಒರಗಿಸಿದ ನೀರಿನ ಕ್ಯಾನ್ ಗುರಿ. ಹೊಡೆದೆ. ತಾಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡ ಫೋನಿನಲ್ಲಿ ಚಿತ್ರೀಕರಿಸಿ ತಮ್ಮ ಅಕ್ಕನಿಗೆ ಕಳಿಸಿದರು. ನನಗೆ ಒಂದು ಚೂರೂ ಖುಷಿಯಾಗಲಿಲ್ಲ.

ಆ "ಸರಿ" ನನ್ನನ್ನು ಬಿಡಲಿಲ್ಲ. ಉಪಾಯ ನನ್ನದೇ, ಅದರಲ್ಲಿ ತಪ್ಪಿಲ್ಲ. ಅವರು ಬೇಡ ಎಂದಿದ್ದರೆ ನಾನೇ ಜಗಳ ಮಾಡಿ ಒಪ್ಪಿಸುತ್ತಿದ್ದೆ. ಆದರೂ ಒಂದು ಸಲ, ಬಾಯಿಮಾತಿಗಾದರೂ, ನೀನು ಯಾಕೆ, ನಾನು ಹೇಳ್ತೇನೆ ಅಂದಿದ್ದರೆ? ಆ ವಾರವೆಲ್ಲ ನಾನು ಸಾರಿಗೆ ಉಪ್ಪು ಹೆಚ್ಚು ಹಾಕುತ್ತಿದ್ದೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದೆ.

ಮುಂದಿನ ಗುರುವಾರ, ನಾಳೆ ಮತ್ತೆ ಕ್ಯಾಂಪಿಗೆ ಬನ್ನಿ ಎಂದು ಮುದೀರರಿಂದ ಮೆಸೇಜ್ ಬಂತು. ಭುಜ ನೋವು ಎಂದು ಬರೆದೆ. ಅಡುಗೆಮನೆಯ ಕಟ್ಟೆಯ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದ ಗಂಡ, ಯಾವ ಭುಜ ಎಂದು ಕೇಳಿದರು. ಆಗ ತಡೆಯಲಾಗಲಿಲ್ಲ.

"ಅವತ್ತು ಕಾರಲ್ಲಿ, ಬ್ಯಾಗ್ ನಂದು ಅಂತ ಪೊಲೀಸ್ರಿಗೆ ಹೇಳ್ತೇನೆ ಅಂದಾಗ, ನಿಮ್ಗೆ ಒಂದ್ಸಲವೂ ಬೇಡ ಅನ್ಬೇಕು ಅಂತ ಅನ್ನಿಸ್ಲಿಲ್ವಾ?"

ಅವರು ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಕಟ್ಟೆಯ ಮೇಲಿಟ್ಟರು. ಬೇಕಿದ್ದರೆ ಒಂದು ಸುಳ್ಳು ಹೇಳಬಹುದಿತ್ತು. ಒಳ್ಳೆಯ ಸುಳ್ಳನ್ನು ನಾನು ನಂಬಿಬಿಡುತ್ತಿದ್ದೆ. ಆದರೆ ನನ್ನ ಗಂಡನಿಗೆ ಸುಳ್ಳು ಬರುವುದಿಲ್ಲ. ಅವರನ್ನು ಮೆಚ್ಚಿ ಮದುವೆಯಾದದ್ದೇ ಅದಕ್ಕೆ.

"ನೀನು ಹೇಳುವ ಮೊದ್ಲೇ ನಾನೂ ಅದನ್ನೇ ಯೋಚ್ನೆ ಮಾಡಿದ್ದೆ. ನಿನ್ನ ಹತ್ರ ಹೇಗೆ ಕೇಳುದು ಅಂತ ಗೊತ್ತಾಗ್ತಾ ಇರ್ಲಿಲ್ಲ. ನೀನೇ ಹೇಳಿದ್ದಿ. ಬಚಾವಾದೆ ಅಂತ ಅನ್ನಿಸಿತು" ಎಂದರು.